ನೊರೆಯ ವಿವೇಕ

ಬಿತ್ತನೆಯ ಬತ್ತವನ್ನು ಉಪ್ಪುನೀರಿಗೆ ಸುರಿದು, ಮೇಲೆ ತೇಲಿದ ಜೊಳ್ಳನ್ನು ಬಾಚಿ ಚೆಲ್ಲಿ, ತಳದಲ್ಲಿ ನಿಂತ ಗಟ್ಟಿಕಾಳನ್ನು ಸಸಿಮಡಿಗೆ ಆರಿಸಿಕೊಳ್ಳುವ ಕ್ರಮವನ್ನು ಒಕ್ಕಲು ಮನೆತನದವರೆಲ್ಲ ಬಲ್ಲರು. ಗಟ್ಟಿಯಾದುದು ಮುಳುಗುವುದು, ಹುರುಳಿಲ್ಲದುದು ತೇಲುವುದು. ಹೊಲಗದ್ದೆಗಳ ಅನುಭವದಲ್ಲಿ ಹುಟ್ಟಿದ ಈ ನ್ಯಾಯ ಭಾಷೆಯೊಳಕ್ಕೂ ಬಂದು ನೆಲಸಿದೆ. ಜೊಳ್ಳು ಮಾತು, ತೇಲಿಸಿ ಆಡಿದ ಮಾತು ಎಂದು ಜನ ಆಡಿಕೊಳ್ಳುವಾಗ ಅವರ ಮನಸ್ಸಿನ ಹಿಂದೆ ಇರುವುದು ಈ ನೀರಿನ ಕೊಪ್ಪರಿಗೆಯೇ.

ಈ ನ್ಯಾಯವನ್ನು ತಲೆಕೆಳಗು ಮಾಡಿದ ವಿದ್ಯೆಯೊಂದು ಒಂದು ಶತಮಾನಕ್ಕೂ ಮೇಲ್ಪಟ್ಟು ಗಣಿಗಳಲ್ಲಿ ನಡೆದುಬಂದಿದೆ. ಅಲ್ಲಿ ಬೆಲೆಯುಳ್ಳ ಭಾರವಾದ ಖನಿಜವು ನೊರೆಯನ್ನೇರಿ ಮೇಲಕ್ಕೆ ಬರುತ್ತದೆ. ಅದಕ್ಕಿಂತ ಹಗುರವಾದ ಕಲ್ಲಿನ ಹುಡಿ ತಳದಲ್ಲಿಯೇ ಉಳಿಯುತ್ತದೆ. ಇಂಗ್ಲಿಷ್ ಬಲ್ಲವರು ಇದನ್ನು ಫ್ರಾತ್ ಫ್ಲೋಟೇಷನ್ ಎನ್ನುತ್ತಾರೆ. ಕನ್ನಡದಲ್ಲಿ ನೊರೆತೇಲಿಕೆ ಎಂದರೆ ಸಾಕು. ಸಂಸ್ಕೃತಪ್ರಿಯರು ಫೇನಪ್ಲವನವೆಂದು ಕರೆದರೂ ಅಡ್ಡಿಯಿಲ್ಲ. ಹೆಸರಿಗಿಂತ ಹೆಚ್ಚಾಗಿ ವಿಚಾರಾರ್ಹವಾದುದು ಅದರೊಳಗಿನ ವಿವೇಕ. ಈ ಶಬ್ದವನ್ನು ಇಲ್ಲಿ ಅಲಂಕಾರಕ್ಕಾಗಿ ತಂದುದಲ್ಲ. 'ವಿವೇಕ'ಕ್ಕೆ ಮೂಲವಾದ 'ವಿಚ್' ಧಾತುವಿಗೆ ಬೇರ್ಪಡಿಸುವುದೆಂದೇ ಅರ್ಥ. ಒಳಿತು ಕೆಡುಕುಗಳ ತಿಳಿವಳಿಕೆ ಎಂಬ ಇಂದಿನ ಅರ್ಥ ಆಮೇಲೆ ಬೆಳೆದುದು. ಮೊರ, ಜರಡಿ, ಕಡೆಗೋಲು ಇವೆಲ್ಲವೂ ಆ ಮೂಲಾರ್ಥದಲ್ಲಿ ವಿವೇಕದ ಉಪಕರಣಗಳೇ. ನೊರೆತೇಲಿಕೆಯ ತೊಟ್ಟಿಯೂ ಆ ಸಾಲಿನಲ್ಲಿ ನಿಲ್ಲತಕ್ಕದ್ದು. ಅದರ ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನು ನೋಡಬೇಕಾದರೆ ಟೈಟಾನಿಯಂ ಎಂಬ ಧಾತುವಿನ ಖನಿಜಗಳನ್ನು ಕಲ್ಲಿನಿಂದ ಬಿಡಿಸುವ ಬಗೆಯನ್ನು ಗಮನಿಸಬೇಕು.

ಈ ಧಾತುವನ್ನು ಮೊದಲು ಗುರುತಿಸಿದವನು ಒಬ್ಬ ಧರ್ಮಗುರು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪಾದ್ರಿ ವಿಲಿಯಂ ಗ್ರೆಗರ್ ಬಿಡುವಿನ ವೇಳೆಯಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸುತ್ತಿದ್ದವನು. 1791ರಲ್ಲಿ ಮಾನಕ್ಕನ್ ಎಂಬ ಊರಿನ ಹಳ್ಳದ ಕರಿಮರಳನ್ನು ತಂದು ಪರೀಕ್ಷಿಸಿದ. ಸೂಜಿಗಲ್ಲಿಗೆ ಅಂಟುತ್ತಿದ್ದ ಆ ಮರಳಿನಲ್ಲಿ ಕಬ್ಬಿಣದೊಡನೆ ಯಾರೂ ಅರಿಯದ ಮತ್ತೊಂದು ಲೋಹದ ಭಸ್ಮ ಬೆರೆತಿರುವುದು ಅವನಿಗೆ ಕಂಡಿತು. 1795ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಕ್ಲಾಪ್ರೋತ್ ರೂಟೈಲ್ ಎಂಬ ಇನ್ನೊಂದು ಖನಿಜದಲ್ಲಿ ಅದನ್ನೇ ಕಂಡು, ಗ್ರೀಕರ ಪುರಾಣದ ಭೂಪುತ್ರರಾದ ಟೈಟನ್ನರ ಹೆಸರನ್ನು ಅದಕ್ಕಿಟ್ಟ. ದಿತಿಯ ಮಕ್ಕಳು ದೈತ್ಯರಾದಂತೆ, ಭೂದೇವಿಯ ಮಕ್ಕಳು ಟೈಟನ್ನರು. ಅವರನ್ನು ಪಾತಾಳದಲ್ಲಿ ಸೆರೆಯಿಟ್ಟರೆಂದು ಆ ಪುರಾಣ ಹೇಳುತ್ತದೆ. ಕಲ್ಲಿನೊಳಗೆ ಸೆರೆಯಾಗಿರುವ ಧಾತುವಿಗೆ ಇದಕ್ಕಿಂತ ಒಪ್ಪುವ ಹೆಸರು ಇರಲಾರದು. ಗ್ರೆಗರ್ ಕಂಡ ಕರಿಮರಳಿನ ಖನಿಜಕ್ಕೆ ಮುಂದೆ ರಷ್ಯಾದ ಇಲ್ಮೆನ್ ಬೆಟ್ಟಗಳಿಂದಾಗಿ ಇಲ್ಮೆನೈಟ್ ಎಂಬ ಹೆಸರು ನಿಂತಿತು.

ಟೈಟಾನಿಯಂ ಎಂದೊಡನೆ ವಿಮಾನಗಳ ಲೋಹ ನೆನಪಿಗೆ ಬರುವುದು ಸಹಜ. ಆದರೆ ಅಗೆದ ಖನಿಜದ ಬಹುಭಾಗ ಲೋಹವಾಗುವುದಿಲ್ಲ, ಬಿಳಿಯ ಬಣ್ಣವಾಗುತ್ತದೆ. ಗೋಡೆಯ ಬಣ್ಣ, ಕಾಗದ, ಪ್ಲಾಸ್ಟಿಕ್ಕು ಮೊದಲಾದವುಗಳ ಬಿಳುಪಿಗೆ ಆಧಾರ ಅದೇ. ಬೆಳಕನ್ನು ಬಾಗಿಸುವ ಅದರ ಶಕ್ತಿ ವಜ್ರದ್ದಕ್ಕಿಂತಲೂ ಮಿಗಿಲು. 1916ರ ಸುಮಾರಿಗೆ ನಾರ್ವೆಯಲ್ಲಿಯೂ ಅಮೆರಿಕದಲ್ಲಿಯೂ ಇದರ ತಯಾರಿಕೆ ಮೊದಲಾಯಿತು. ಅದಕ್ಕೆ ಮುಂಚೆ ಬಿಳಿಬಣ್ಣವೆಂದರೆ ಬಹುಮಟ್ಟಿಗೆ ಸೀಸದ ವಿಷ. ಕಾಡಿಗೆಯಂತೆ ಕಪ್ಪಾದ ಕಲ್ಲು ಹಾಲಿಗಿಂತ ಬಿಳಿಯಾದ ಬಣ್ಣವನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ ಎಂದು ಕಾರ್ನ್‌ವಾಲಿನ ಪಾದ್ರಿ ಎಣಿಸಿಯೂ ಇರಲಾರ.

ಈ ಖನಿಜ ಕೆಲವೆಡೆ ಬಿಟ್ಟಿಯಾಗಿಯೇ ಸಿಗುತ್ತದೆ. ಕೇರಳದ ಚವರದ ಕಡಲದಂಡೆಯ ಕರಿಮರಳು ಜಗತ್ಪ್ರಸಿದ್ಧ. 1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಶೋಂಬರ್ಗ್ ಎಂಬವನು ತಿರುವಾಂಕೂರಿನ ತೆಂಗಿನ ನಾರಿಗೆ ಅಂಟಿಕೊಂಡು ಹೋಗಿದ್ದ ಮರಳಿನ ಜಾಡು ಹಿಡಿದು ಅಲ್ಲಿಗೆ ಬಂದ. ಅಲ್ಲಿ ಬೆಟ್ಟವನ್ನು ಪುಡಿಮಾಡಿದ್ದು ಮಳೆ, ಹೊತ್ತು ತಂದದ್ದು ಹೊಳೆ, ತೂರಿ ಕೇರಿದ್ದು ಕಡಲಿನ ಅಲೆ. ಯುಗಯುಗಗಳ ಈ ದುಡಿಮೆಯ ಮೇಲೆ ಮನುಷ್ಯನು ಮಾಡಬೇಕಾದದ್ದು ಅಲ್ಪ. ಸೂಜಿಗಲ್ಲು ಮತ್ತು ವಿದ್ಯುತ್ತಿನ ಸೆಳೆತಗಳು ಉಳಿದ ಕೆಲಸವನ್ನು ಮುಗಿಸುತ್ತವೆ. ನೊರೆಯ ಹಂಗು ಅಲ್ಲಿಲ್ಲ. ಕಡಲು ಮಾಡದ ಕೆಲಸವನ್ನು ಮನುಷ್ಯನೇ ಮಾಡಬೇಕಾದಲ್ಲಿ, ಎಂದರೆ ಬಂಡೆಯಿಂದಲೇ ಖನಿಜವನ್ನು ಬಿಡಿಸಬೇಕಾದಲ್ಲಿ, ನೊರೆಯ ಅಗತ್ಯ ಒದಗುತ್ತದೆ.

ನಾರ್ವೆಯ ನೈರುತ್ಯ ಮೂಲೆಯ ಟೆಲ್ನೆಸ್ ಅಂಥದೊಂದು ಸ್ಥಳ. ಆ ಪ್ರಾಂತದಲ್ಲಿ ಟೈಟಾನಿಯಾ ಎಂಬ ಕಂಪನಿ 1902ರಲ್ಲಿಯೇ ಹುಟ್ಟಿತ್ತು. 1954ರಲ್ಲಿ ವಿಮಾನದಿಂದ ಭೂಮಿಯ ಕಾಂತತ್ವವನ್ನು ಅಳೆಯುತ್ತಿದ್ದಾಗ ಟೆಲ್ನೆಸ್ಸಿನ ನಿಕ್ಷೇಪ ಪತ್ತೆಯಾಯಿತು. 1960ರಲ್ಲಿ ಗಣಿ ತೆರೆಯಿತು. ತೊಂಬತ್ತು ಕೋಟಿ ವರ್ಷಗಳಿಗೂ ಹಿಂದೆ ಭೂಮಿಯ ಆಳದಲ್ಲಿ ತಣಿದು ಗಟ್ಟಿಯಾದ ಶಿಲೆ ಅದು. ಅದರಲ್ಲಿ ಇಲ್ಮೆನೈಟಿನ ಕರಿಯ ಕಣಗಳು ಫೆಲ್ಡ್‌ಸ್ಪಾರ್, ಪೈರಾಕ್ಸೀನ್ ಮುಂತಾದ ಕಲ್ಲುಖನಿಜಗಳೊಡನೆ ಹೆಣೆದುಕೊಂಡಿವೆ. ಒಂದೇ ಕುದಿಯಲ್ಲಿ ಒಟ್ಟಿಗೆ ಹುಟ್ಟಿದ ಒಡಹುಟ್ಟುಗಳನ್ನು ಬೇರ್ಪಡಿಸುವುದು ಎಲ್ಲಿಯೂ ಸುಲಭವಲ್ಲ.

ಮೊದಲ ಕೆಲಸ ಅರೆಯುವುದು. ಕಲ್ಲನ್ನು ಸಿಡಿಸಿ, ಜಜ್ಜಿ, ಉರುಳುವ ದೊಡ್ಡ ಪೀಪಾಯಿಗಳಲ್ಲಿ ನೀರಿನೊಡನೆ ಅರೆದು, ಒಂದೊಂದು ಕಣದಲ್ಲಿಯೂ ಒಂದೇ ಖನಿಜವಿರುವಷ್ಟು ಸಣ್ಣದು ಮಾಡಬೇಕು. ಕಡಿಮೆ ಅರೆದರೆ ಕರಿಯ ಕಣದ ಬೆನ್ನಿಗೆ ಬಿಳಿಯದು ಅಂಟಿಕೊಂಡೇ ಉಳಿಯುತ್ತದೆ. ಹೆಚ್ಚು ಅರೆದರೆ ಕೆಸರಾಗುತ್ತದೆ. ಆ ಕೆಸರು ಎಲ್ಲ ಕಣಗಳನ್ನೂ ಬಳಿದು, ಹಾಕಿದ ಎಣ್ಣೆಯನ್ನೆಲ್ಲ ಹೀರಿ, ಮುಂದಿನ ಕೆಲಸವನ್ನು ಕೆಡಿಸುತ್ತದೆ. ದೋಸೆಯ ಹಿಟ್ಟನ್ನು ರುಬ್ಬುವವರಿಗೂ ಇಂಥದೊಂದು ಹದ ಗೊತ್ತು.

ಇನ್ನು ಬೇರ್ಪಡಿಸುವುದು ಹೇಗೆ? ತೂಕವನ್ನು ನೆಚ್ಚಬಹುದಷ್ಟೆ. ಇಲ್ಮೆನೈಟ್ ನೀರಿಗಿಂತ ಸುಮಾರು 4.7 ಪಾಲು ಭಾರ, ಪೈರಾಕ್ಸೀನ್ 3.3ರ ಆಸುಪಾಸು, ಫೆಲ್ಡ್‌ಸ್ಪಾರ್ ಸುಮಾರು 2.7. ದಪ್ಪ ಕಣಗಳಲ್ಲಿ ಈ ಅಂತರ ಸಾಕು. ಆದರೆ ಕಣ ಬಹಳ ಸಣ್ಣದಾದಾಗ ನೀರಿನ ಓಟಕ್ಕೆ ಭಾರದ್ದೂ ಹಗುರದ್ದೂ ಒಂದೇ ಆಗಿಬಿಡುತ್ತದೆ. ಬಿರುಗಾಳಿಯಲ್ಲಿ ತೂರಿದ ರಾಶಿಯಲ್ಲಿ ಕಾಳೂ ಹೊಟ್ಟೂ ಒಟ್ಟಿಗೆ ಹಾರಿಹೋದಂತೆ. ಅಲ್ಲಿ ತೂಕದ ನ್ಯಾಯ ಸೋಲುತ್ತದೆ, ಮೈಯ ನ್ಯಾಯ ಮೊದಲಾಗುತ್ತದೆ.

ಮೈಯ ನ್ಯಾಯವೆಂದರೆ ಇಷ್ಟೆ. ಕೆಲವು ವಸ್ತುಗಳ ಮೈ ನೀರನ್ನು ಒಲಿಯುತ್ತದೆ, ಕೆಲವುಗಳದು ಒಲ್ಲದು. ಕೆಸುವಿನ ಎಲೆಯ ಮೇಲೆ ಬಿದ್ದ ಹನಿ ಮುತ್ತಾಗಿ ಉರುಳಿಹೋಗುತ್ತದೆ. ಬಾಳೆಯ ನಾರಿನ ಮೇಲೆ ಬಿದ್ದ ಹನಿ ಹರಡಿ ಇಂಗುತ್ತದೆ. ಹುಟ್ಟಿನಿಂದ ಇಲ್ಮೆನೈಟ್ ನೀರನ್ನು ಒಲ್ಲೆನೆನ್ನುವ ಜಾತಿಯದಲ್ಲ. ಅದಕ್ಕೆ ಆ ಗುಣವನ್ನು ತೊಡಿಸಬೇಕು. ತೊಡಿಸುವ ವಸ್ತು ಸಾಬೂನಿನ ಬಂಧುವಾದ ಕೊಬ್ಬಿನಾಮ್ಲ. ಅದರ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ. ತಲೆ ಖನಿಜದ ಮೈಮೇಲಿನ ಲೋಹದ ನೆಲೆಗಳನ್ನು ಹಿಡಿದುಕೊಳ್ಳುತ್ತದೆ; ಎಣ್ಣೆಯ ಸ್ವಭಾವದ ಬಾಲ ಹೊರಮುಖವಾಗಿ ನಿಲ್ಲುತ್ತದೆ. ಹೀಗೆ ಕರಿಯ ಕಣಕ್ಕೆ ಕಣ್ಣಿಗೆ ಕಾಣದ ಎಣ್ಣೆಯ ತುಪ್ಪುಳು ಬೆಳೆಯಿತೆನ್ನಬೇಕು. ಈಗ ನೀರು ಅದರಿಂದ ಹಿಮ್ಮೆಟ್ಟುತ್ತದೆ. ಆ ಹೊತ್ತಿಗೆ ತೊಟ್ಟಿಯ ತಳದಿಂದ ಗಾಳಿಯನ್ನೂದಿ, ತಿರುಗುವ ಚಕ್ರದಿಂದ ಕಡೆದು, ಲಕ್ಷೋಪಲಕ್ಷ ಗುಳ್ಳೆಗಳನ್ನೆಬ್ಬಿಸುತ್ತಾರೆ. ನೀರನ್ನು ತೊರೆದ ಕಣಕ್ಕೆ ಗಾಳಿಯೇ ಆಸರೆ. ಅದು ಗುಳ್ಳೆಯನ್ನು ಅಪ್ಪಿಕೊಂಡು ಮೇಲೇರುತ್ತದೆ. ಎಣ್ಣೆ ತಾಗದ ಕಲ್ಲಿನ ಕಣ ಗುಳ್ಳೆಗೆ ಡಿಕ್ಕಿ ಹೊಡೆದರೂ ಅಂಟದೆ ಜಾರಿ ಬೀಳುತ್ತದೆ. ಮೇಲೆ ದಟ್ಟವಾಗಿ ಕಟ್ಟಿದ ಕರಿಯ ನೊರೆಯನ್ನು ತೊಟ್ಟಿಯ ಅಂಚಿನಿಂದ ಹೊರಕ್ಕೆ ಹರಿಸುತ್ತಾರೆ. ನೀರ್ಗುಳ್ಳೆಯನ್ನು ಕವಿಗಳು ಅನಿತ್ಯತೆಗೆ ಉಪಮಾನವಾಗಿ ಬಳಸಿ ಸವೆಯಿಸಿದ್ದಾರೆ. ತೊಟ್ಟಿಯ ತಳದಿಂದ ಅಂಚಿನವರೆಗೆ ಬಾಳಿದರೆ ಅದರ ಕೆಲಸ ಸಾರ್ಥಕ. ಆ ಕ್ಷಣಮಾತ್ರದ ಬಾಳಿನಲ್ಲಿಯೇ ಅದು ತನಗಿಂತ ಎಷ್ಟೋ ಭಾರವಾದುದನ್ನು ದಡ ಸೇರಿಸುತ್ತದೆ.

ಬೆಣ್ಣೆ ತೆಗೆಯುವ ಮನೆಗಳಲ್ಲಿ ಇದೆಲ್ಲ ತೀರ ಅಪರಿಚಿತವೇನಲ್ಲ. ಕಡೆಗೋಲು ತಿರುಗಿದಂತೆ ಮೊಸರಿನೊಳಕ್ಕೆ ಗಾಳಿ ಸೇರಿ, ನೊರೆಯೆದ್ದು, ಕೊಬ್ಬಿನ ಹನಿಗಳು ಆ ನೊರೆಯಲ್ಲಿ ಒಂದನ್ನೊಂದು ಕೂಡಿ ಬೆಣ್ಣೆಯಾಗುತ್ತವೆ. ಆದರೆ ಬೆಣ್ಣೆ ಹಗುರ; ಅದು ತೇಲುವುದರಲ್ಲಿ ಸೋಜಿಗವಿಲ್ಲ. ಕಲ್ಲು ತೇಲುವುದು ಸೋಜಿಗ.

ಈ ವಿದ್ಯೆಯನ್ನು ಕಂಡುಹಿಡಿದವರಾರು ಎಂದರೆ ಒಬ್ಬರ ಹೆಸರನ್ನು ಹೇಳುವಂತಿಲ್ಲ. ಎಣ್ಣೆಯ ಒಲವನ್ನು ಬಳಸಿ ಅದಿರನ್ನು ಬಿಡಿಸಬಹುದೆಂದು ಇಂಗ್ಲೆಂಡಿನ ಹೇನ್ಸ್ 1860ರಲ್ಲಿಯೇ ಪೇಟೆಂಟು ಪಡೆದಿದ್ದ. 1886ರಲ್ಲಿ ಅಮೆರಿಕದ ಕ್ಯಾರಿ ಎವರ್ಸನ್ ಎಂಬ ಮಹಿಳೆ ಎಣ್ಣೆಯೊಡನೆ ಆಮ್ಲವನ್ನೂ ಸೇರಿಸುವ ಕ್ರಮಕ್ಕೆ ಪೇಟೆಂಟು ಪಡೆದಳು. ಆಕೆ ಶಾಲೆಯ ಉಪಾಧ್ಯಾಯಿನಿಯೆಂದೂ, ಅದಿರಿನ ಎಣ್ಣೆಜಿಡ್ಡಿನ ಚೀಲಗಳನ್ನು ಒಗೆಯುವಾಗ ನೊರೆಯಲ್ಲಿ ಖನಿಜ ತೇಲಿದ್ದನ್ನು ಕಂಡಳೆಂದೂ ಒಂದು ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಅದು ಕಟ್ಟುಕಥೆಯೆಂದು ಮುಂದೆ ಪರಿಶೀಲಿಸಿದವರು ತೋರಿಸಿದ್ದಾರೆ. ಬುದ್ಧಿಪೂರ್ವಕವಾಗಿ ಪ್ರಯೋಗ ನಡೆಸಿದ ಹೆಂಗಸಿನ ಶ್ರಮವನ್ನು ಬಟ್ಟೆ ಒಗೆಯುವ ಕಲ್ಲಿನ ಬಳಿಯ ಅದೃಷ್ಟವೆಂದು ಹೇಳುವುದರಲ್ಲಿ ಜನರಿಗೆ ಅದೇನು ಸುಖವೋ! ಅವಳ ಪೇಟೆಂಟಿನ ಅವಧಿ ತೀರುವ ಕಾಲಕ್ಕೆ ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಯಲ್ಲಿ ನಿಜವಾದ ಕೋಲಾಹಲ ಎದ್ದಿತು. ಬೆಳ್ಳಿ, ಸೀಸಗಳನ್ನು ತೆಗೆದುಕೊಂಡು ಎಸೆದ ಹುಡಿಯ ಗುಡ್ಡಗಳಲ್ಲಿ ಲಕ್ಷಗಟ್ಟಲೆ ಟನ್ನಿನಷ್ಟು ಸತುವಿನ ಅದಿರು ವ್ಯರ್ಥವಾಗಿ ಬಿದ್ದಿತ್ತು. ಮದ್ಯ ತಯಾರಕನಾಗಿದ್ದ ಪಾಟರ್, ಗಣಿಯ ಮುಖ್ಯಾಧಿಕಾರಿಯಾಗಿದ್ದ ಡೆಲ್ಪ್ರಾ ಇಬ್ಬರೂ ಆಮ್ಲದ ಗುಳ್ಳೆಗಳಿಂದ ಅದನ್ನು ತೇಲಿಸುವ ಉಪಾಯವನ್ನು ಕಂಡು, ಅದು ತನ್ನದು ತನ್ನದೆಂದು ನ್ಯಾಯಾಲಯದಲ್ಲಿ ಹೊಡೆದಾಡಿದರು. 1905ರಲ್ಲಿ ಲಂಡನ್ನಿನ ಮಿನರಲ್ಸ್ ಸೆಪರೇಷನ್ ಕಂಪನಿಯವರು ಅತ್ಯಲ್ಪ ಎಣ್ಣೆ, ಹೆಚ್ಚು ಗಾಳಿ ಎಂಬ ಸೂತ್ರವನ್ನು ಹಿಡಿದಾಗ ಇಂದಿನ ನೊರೆತೇಲಿಕೆ ರೂಪುಗೊಂಡಿತು. ಅದರ ಮೇಲಿನ ವ್ಯಾಜ್ಯ 1916ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ನೊರೆಗಾಗಿ ನಡೆದ ಈ ಜಗಳಗಳ ವಿವರ ಇಲ್ಲಿ ಬೇಡ. ಎಸೆದ ಗುಡ್ಡವೇ ಗಣಿಯಾಯಿತು ಎಂಬುದನ್ನು ಮಾತ್ರ ನೆನಪಿನಲ್ಲಿಟ್ಟರೆ ಸಾಕು.

ಸತು, ತಾಮ್ರಗಳಂತೆ ಗಂಧಕದೊಡನೆ ಕೂಡಿದ ಅದಿರುಗಳು ನೊರೆಗೆ ಬೇಗ ಒಲಿಯುತ್ತವೆ. ಇಲ್ಮೆನೈಟ್ ಆಮ್ಲಜನಕದೊಡನೆ ಕೂಡಿದ ಖನಿಜ, ಅದು ಹಟಮಾರಿ. ಗಂಧಕದ ಅದಿರುಗಳನ್ನು ಎಬ್ಬಿಸುವ ಕ್ಸಾಂತೇಟ್ ಎಂಬ ಲವಣಕ್ಕೆ ಅದು ಕದಲುವುದಿಲ್ಲ. ಟೆಲ್ನೆಸ್ಸಿನಲ್ಲಿ ಮೊದಲು ಕಬ್ಬಿಣದ ಕಾಂತಖನಿಜವನ್ನು ಸೂಜಿಗಲ್ಲಿನಿಂದ ಸೆಳೆಯುತ್ತಾರೆ; ಅಲ್ಪಸ್ವಲ್ಪವಿರುವ ಗಂಧಕದ ಅದಿರುಗಳನ್ನು ಬೇರೆಯಾಗಿ ತೇಲಿಸುತ್ತಾರೆ; ಅವುಗಳಲ್ಲಿ ನಿಕ್ಕಲ್ಲೂ ತಾಮ್ರವೂ ಇವೆ. ಆಮೇಲೆ ಇಲ್ಮೆನೈಟಿನ ಸರದಿ. ಅದಕ್ಕೆ ಬಳಸುವುದು ಟಾಲ್ ಎಣ್ಣೆ. ಈ ಹೆಸರು ಸ್ವೀಡಿಷ್ ಭಾಷೆಯದು. 'ಟಾಲ್' ಎಂದರೆ ಅಲ್ಲಿ ಪೈನ್ ಮರ. ಆ ಮರದಿಂದ ಕಾಗದದ ತಿರುಳನ್ನು ತೆಗೆಯುವಾಗ ಉಳಿಯುವ ಜಿಡ್ಡು ಇದು. ಕಾಗದದ ಕಾರ್ಖಾನೆಯ ಜಿಡ್ಡು ಖನಿಜವನ್ನು ತೇಲಿಸುತ್ತದೆ, ಆ ಖನಿಜದ ಬಿಳುಪು ಮತ್ತೆ ಕಾಗದಕ್ಕೆ ಹೋಗುತ್ತದೆ. ಈ ಋಣಾನುಬಂಧ ಸೊಗಸಾಗಿದೆ.

ಕೊಬ್ಬಿನಾಮ್ಲಕ್ಕೆ ಒಂದು ದೋಷವುಂಟು: ಅದು ಪಕ್ಷಪಾತವನ್ನು ಅರಿಯದು. ಕಬ್ಬಿಣವಿರುವ ಪೈರಾಕ್ಸೀನಿನ ಮೈಯನ್ನೂ ಅದು ಹಿಡಿಯಬಲ್ಲುದು. ಎಲ್ಲವೂ ತೇಲಿಬಿಟ್ಟರೆ ಬೇರ್ಪಡಿಸಿದ ಹಾಗಾಗಲಿಲ್ಲ. ಆದುದರಿಂದ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಟ್ಟು ನೀರಿನ ಹುಳಿಯನ್ನು ಒಂದು ಕಟ್ಟಿನೊಳಗೆ ಇಡಬೇಕು. ಕಲ್ಲಿನ ಕಣಗಳನ್ನು ಅದುಮಿ ಹಿಡಿಯುವ ಬೇರೆ ವಸ್ತುಗಳನ್ನೂ ಬೆರೆಸಬೇಕು. ಒಮ್ಮೆ ಬಂದ ನೊರೆಯನ್ನು ಮತ್ತೆ ಮತ್ತೆ ತೇಲಿಸಿ ತೊಳೆಯಬೇಕು. ಇಷ್ಟಾದರೂ ಪೂರ್ಣ ಶುದ್ಧಿ ಲಭಿಸದು. ಶುದ್ಧ ಇಲ್ಮೆನೈಟಿನಲ್ಲಿ ಟೈಟಾನಿಯಂ ಆಕ್ಸೈಡಿನ ಪಾಲು ನೂರಕ್ಕೆ 52.6 ಎಂದು ಶಾಸ್ತ್ರ ಹೇಳುತ್ತದೆ. ಟೆಲ್ನೆಸ್ಸಿನ ನೊರೆಯಿಂದ ಸಿಗುವುದು ಸುಮಾರು 44. ಇದು ತೊಟ್ಟಿಯ ತಪ್ಪಲ್ಲ. ಅಲ್ಲಿಯ ಇಲ್ಮೆನೈಟಿನ ಹರಳಿನೊಳಗೇ ಮೆಗ್ನೀಷಿಯಂ ಸೇರಿಹೋಗಿದೆ, ಹೆಮಟೈಟಿನ ಕೂದಲೆಳೆಯಂಥ ಪದರಗಳು ಅಡಗಿವೆ. ಮೈಗೆ ಅಂಟಿದ್ದನ್ನು ಬಿಡಿಸಬಹುದು. ಹುಟ್ಟಿನಲ್ಲಿಯೇ ಒಳಸೇರಿದ್ದನ್ನು ನೊರೆಯಾಗಲಿ ಅರೆಯುವ ಕಲ್ಲಾಗಲಿ ಏನು ಮಾಡೀತು?

ನೊರೆಯೇರಿ ಬಂದ ಖನಿಜ ಹಡಗು ಸೇರುವ ಸ್ಥಳ ಯೋಸಿಂಗ್‌ಫಿಯೋರ್ಡ್. ಹಿಮನದಿಗಳು ಕೊರೆದ ಕಣಿವೆಯೊಳಕ್ಕೆ ಕಡಲು ನುಗ್ಗಿ ಆದ ಇಕ್ಕಟ್ಟಾದ ನೀರಿನ ತೋಳು ಅದು. ಎರಡು ಪಕ್ಕಗಳಲ್ಲೂ ಕಡಿದಾದ ಬರಿಬಂಡೆ. ಮುಂದಕ್ಕೆ ಚಾಚಿದ ಒಂದು ಬಂಡೆಯ ಅಡಿಯಲ್ಲಿ, ಮಳೆಗೆ ಅದನ್ನೇ ಸೂರುಮಾಡಿಕೊಂಡ ಎರಡು ಹಳೆಯ ಮನೆಗಳು ಈಗಲೂ ಇವೆ. ಇತಿಹಾಸಕ್ಕೂ ಆ ಸ್ಥಳ ಪರಿಚಿತ. 1940ರ ಫೆಬ್ರವರಿ 16ರ ರಾತ್ರಿ ಬ್ರಿಟಿಷ್ ಯುದ್ಧನೌಕೆ ಕೊಸಾಕ್ ಅದರೊಳಕ್ಕೆ ನುಗ್ಗಿ, ಜರ್ಮನಿಯ ಆಲ್ಟ್‌ಮಾರ್ಕ್ ಹಡಗಿನಲ್ಲಿ ಸೆರೆಯಾಗಿದ್ದ ಸುಮಾರು ಮುನ್ನೂರು ನಾವಿಕರನ್ನು ಬಿಡಿಸಿತು. ಮುಂದೆ ಜರ್ಮನರು ನಾರ್ವೆಯನ್ನು ಆಕ್ರಮಿಸಿದಾಗ ಅವರ ಪಕ್ಷಪಾತಿಗಳು ದೇಶಭಕ್ತರನ್ನು 'ಯೋಸಿಂಗ್' ಎಂದು ಹೀಗಳೆದರು. ದೇಶಭಕ್ತರು ಆ ಬೈಗುಳನ್ನೇ ಬಿರುದಾಗಿ ಧರಿಸಿದರು. ಶಬ್ದಗಳ ಅದೃಷ್ಟವೂ ಹೀಗೆ ಮುಳುಗಿ ತೇಲುವುದುಂಟು.

ಅದೇ ನೀರಿನ ತೋಳಿಗೆ 1960ರಿಂದ ಬೇರೊಂದು ವಸ್ತು ಇಳಿಯತೊಡಗಿತು. ಇಲ್ಲಿ ಸರಳವಾದ ಲೆಕ್ಕವೊಂದನ್ನು ಮಾಡಬೇಕು. ಟೆಲ್ನೆಸ್ಸಿನ ಬಂಡೆಯಲ್ಲಿ ಟೈಟಾನಿಯಂ ಆಕ್ಸೈಡು ನೂರಕ್ಕೆ ಸುಮಾರು 18. ನೊರೆಯಿಂದ ಪಡೆದ ಖನಿಜದಲ್ಲಿ ಸುಮಾರು 44. ಒಂದು ಕಣವೂ ಪೋಲಾಗಲಿಲ್ಲವೆಂದು ಇಟ್ಟುಕೊಂಡರೂ ನೂರು ಟನ್ನು ಬಂಡೆಯಿಂದ ದೊರಕುವುದು 41 ಟನ್ನಿಗೆ ಹೆಚ್ಚಿಲ್ಲ; ಉಳಿದ 59 ಟನ್ನು ಮುಳುಗಿದ ಹುಡಿ. ಪೋಲಾಗದೆ ಇರುವುದಿಲ್ಲವಾದ್ದರಿಂದ ಹುಡಿಯ ಪಾಲು ಇನ್ನೂ ಹೆಚ್ಚು. ಜೊಳ್ಳನ್ನು ಚೆಲ್ಲಿದರೆ ಕೋಳಿ ಕೆದಕೀತು, ಹೊಟ್ಟನ್ನು ದನ ತಿಂದೀತು. ಅರೆದ ಕಲ್ಲಿನ ಹುಡಿಯನ್ನು ತಿನ್ನುವ ಪ್ರಾಣಿ ಯಾವುದು? 1984ರವರೆಗೆ ಆ ಹುಡಿ ಯೋಸಿಂಗ್‌ಫಿಯೋರ್ಡಿನ ತಳಕ್ಕೆ ಹೋಯಿತು. ಆಳವಾಗಿದ್ದ ನೀರು ವರ್ಷ ವರ್ಷಕ್ಕೂ ಆಳ ಕಳೆದುಕೊಂಡಿತು; ತಳದ ಜೀವರಾಶಿ ಹುಡಿಯಡಿ ಹೂತುಹೋಯಿತು.

ಸಮುದ್ರಮಥನದ ಕಥೆಯನ್ನು ಕಟ್ಟಿದ ಪ್ರಾಚೀನರು ಕಡೆಯುವ ವಿದ್ಯೆಯ ಮರ್ಮವನ್ನು ಬಲ್ಲವರು. ಕಡೆದಾಗ ಅಮೃತ ಮಾತ್ರ ಬರುತ್ತದೆಂದು ಅವರು ಹೇಳಲಿಲ್ಲ. ಹಾಲಾಹಲವೂ ಹುಟ್ಟಿತು, ಅದನ್ನು ಕುಡಿಯಲು ನೀಲಕಂಠನೇ ಬರಬೇಕಾಯಿತು ಎಂದರು. ಟೆಲ್ನೆಸ್ಸಿನ ಹುಡಿ ಹಾಲಾಹಲವೇನಲ್ಲ. ಬಹುಮಟ್ಟಿಗೆ ಅದು ನಿರುಪದ್ರವಿಯಾದ ಕಲ್ಲೇ ಸರಿ. ಆದರೆ ನಿರುಪದ್ರವಿಯಾದ ಕಲ್ಲೂ ಮನೆಯ ಮೇಲೆ ಬಿದ್ದರೆ ಉಪದ್ರವವೇ. ಮೀನುಗಾರರೂ ನಿಸರ್ಗಪ್ರೇಮಿಗಳೂ ತಕರಾರು ಮಾಡಿದರು. 1984ರಲ್ಲಿ ಹುಡಿಯನ್ನು ಹೊರಗಣ ಕಡಲಿನ ಡಿಂಗಡಿಪೆ ಎಂಬ ಆಳದ ತಗ್ಗಿಗೆ ಸಾಗಿಸತೊಡಗಿದರು. ತಕರಾರು ನಿಲ್ಲಲಿಲ್ಲ. 1994ರಿಂದ ಸಮುದ್ರವನ್ನು ಬಿಟ್ಟು ನೆಲದ ಮೇಲೆ ಕಟ್ಟೆ ಕಟ್ಟಿ ಅದರೊಳಗೆ ತುಂಬುವ ಏರ್ಪಾಡಾಯಿತು. ಅಲ್ಲಿಗೂ ಮುಗಿಯಲಿಲ್ಲ. ನೀರಿನಡಿಯಲ್ಲಿ ಗಾಳಿ ತಾಗದೆ ಮಲಗಿದ್ದ ಅಳಿದುಳಿದ ಗಂಧಕದ ಅದಿರು ನೆಲದ ಮೇಲೆ ಗಾಳಿಮಳೆಗಳ ಸಂಗದಿಂದ ಕರಗತೊಡಗಿ, ಕಟ್ಟೆಯಿಂದ ಬಸಿಯುವ ನೀರಿನಲ್ಲಿ ನಿಕ್ಕಲ್ ಕಾಣಿಸಿಕೊಂಡಿತು. ಮೇಲೆ ತೇಲಿದ್ದರ ಲೆಕ್ಕ ಹಡಗಿನ ತೂಕದೊಡನೆ ಮುಗಿಯುತ್ತದೆ. ಮುಳುಗಿದ್ದರ ಲೆಕ್ಕಕ್ಕೆ ಅಂಥ ಮುಕ್ತಾಯವಿಲ್ಲ.

ಇದೇ ಪ್ರಶ್ನೆ ನಾರ್ವೆಯ ಇನ್ನೊಂದು ಕಡಲತೋಳಿನಲ್ಲಿ ಮತ್ತೆ ಎದ್ದಿತು. ಉತ್ತರಕ್ಕೆ, ಫೋರ್ಡೆಫಿಯೋರ್ಡಿನ ದಡದ ಎಂಗೆಬೋ ಬೆಟ್ಟದಲ್ಲಿ ಟೈಟಾನಿಯಂ ಖನಿಜವಾದ ರೂಟೈಲ್ ಇದೆ. ಅದರ ಜೊತೆಗೆ ಗಾರ್ನೆಟ್ಟೂ ಇದೆ. ಅಲ್ಲಿ ರೂಟೈಲನ್ನು ಬಿಡಿಸುವುದು ಮುಖ್ಯವಾಗಿ ತೂಕ, ಕಾಂತ, ವಿದ್ಯುತ್ತುಗಳ ಬಲದಿಂದ. ಆದರೆ ವಿಧಾನ ಯಾವುದಾದರೇನು, ಉಳಿದ ಹುಡಿ ಉಳಿದೇ ಉಳಿಯುತ್ತದೆ. ಅದನ್ನು ನೀರಿನ ತಳಕ್ಕೆ ಬಿಡಲು 2015ರಲ್ಲಿ ಅಲ್ಲಿಯ ಸರ್ಕಾರ ಅನುಮತಿ ಕೊಟ್ಟಿತು. 2016ರಲ್ಲಿ ತರುಣ ತರುಣಿಯರು ಬೆಟ್ಟದ ಮೇಲೆ ಕೊರೆಯುವ ಯಂತ್ರಗಳಿಗೆ ತಮ್ಮನ್ನು ಸರಪಳಿಗಳಿಂದ ಬಿಗಿದುಕೊಂಡು ಕುಳಿತರು. ಪೊಲೀಸರು ಅವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಹೊತ್ತೊಯ್ದರು. ನಿಸರ್ಗ ರಕ್ಷಣೆಯ ಸಂಘಗಳು ಸರ್ಕಾರದ ಮೇಲೆ ಹೂಡಿದ ದಾವೆಯಲ್ಲಿ 2024ರ ಜನವರಿಯಲ್ಲಿ ಓಸ್ಲೋ ನ್ಯಾಯಾಲಯ ಸರ್ಕಾರದ ಪರವಾಗಿ ತೀರ್ಪಿತ್ತಿತು. ಸಂಘಗಳು ಮೇಲ್ಮನವಿ ಸಲ್ಲಿಸಿದವು.